ಮೆಟ್ಟಿಲ ಪಕ್ಕದ ಬೈಕು

ಕಾಲು ಎತ್ತಿದರೆ ಎತ್ತಬಹುದು. ಆದರೆ ಎತ್ತಿದ ಕಾಲು ಸೀಟಿನ ಆಚೆಗೆ ಹೋಗದೆ ನಡುದಾರಿಯಲ್ಲೇ ನಿಂತುಬಿಟ್ಟರೆ? ಶೋರೂಮಿನ ಕನ್ನಡಿಯಂಥ ನೆಲದ ಮೇಲೆ ನಿಂತು ನಿವೃತ್ತ ಸರ್ವೇಯರರು ಇದನ್ನೇ ಯೋಚಿಸುತ್ತಿದ್ದರು. ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು, ಮಂಚದ ಮೇಲೆ ದಿಂಬು ಪೇರಿಸಿ ಪರೀಕ್ಷೆ ಮಾಡಿ ನೋಡಿದ್ದರು. ಬಲಗಾಲು ಮೇಲಿನ ದಿಂಬನ್ನು ಒದ್ದು ಕೆಡವಿ, ಸೊಂಟದಲ್ಲೊಂದು ಚಳಕು ಹುಟ್ಟಿಸಿ, ಹೋದ ದಾರಿಯಲ್ಲೇ ವಾಪಸು ಬಂದಿತ್ತು.

ಹಳೆಯ ಬೈಕು ಇದ್ದಾಗ ಈ ತಾಪತ್ರಯ ಯಾರಿಗೂ ಗೊತ್ತಾಗಿರಲಿಲ್ಲ. ಅದು ಮನೆಯ ಮೆಟ್ಟಿಲಿಗೆ ಒತ್ತಿಕೊಂಡೇ ನಿಲ್ಲುತ್ತಿತ್ತು. ಅವರು ಮೆಟ್ಟಿಲ ಮೇಲಿನಿಂದ ಸಿಂಹಾಸನ ಏರುವವರ ಗತ್ತಿನಲ್ಲಿ ಅದರ ಮೇಲೆ ಕೂರುತ್ತಿದ್ದರು. ಊರಿನಲ್ಲಿ ಎಲ್ಲೆಲ್ಲಿ ಫುಟ್‌ಪಾತು ಎತ್ತರವಿದೆ ಎಂಬುದು ಅವರಿಗೆ ಬಾಯಿಪಾಠ. ಎತ್ತರದ ಕಟ್ಟೆ ಇದ್ದ ಕಡೆಯೇ ಕ್ಷೌರ, ಕಟ್ಟೆ ಇದ್ದ ಕಡೆಯೇ ತರಕಾರಿ. ಒಳ್ಳೆಯ ದಂತವೈದ್ಯನನ್ನು ಬಿಟ್ಟು, ಅಷ್ಟೇನೂ ಒಳ್ಳೆಯವನಲ್ಲದವನ ಹತ್ತಿರ ಹಲ್ಲು ಕೀಳಿಸಿಕೊಂಡದ್ದೂ ಕಟ್ಟೆಯ ಆಸೆಗೇ. ಈಗ ಆ ಬೈಕು ಗುಜರಿ ಸೇರಿತ್ತು. ಇವತ್ತು ಇಲ್ಲಿ ಕಾಲು ಸಿಕ್ಕಿಕೊಂಡದ್ದನ್ನು ಅಳಿಯ ಕಂಡನೋ, ಮುಗಿಯಿತು. ನಾಳೆಯಿಂದ ಅವನ ಕಾರಿನ ಹಿಂದಿನ ಸೀಟೇ ಗತಿ.

"ಶಾಂತವಾಗಿರೋ ಗಾಡಿ ತೋರ್ಸಿ," ಅಳಿಯ ಸೇಲ್ಸ್‌ಮನ್‌ಗೆ ಹೇಳಿದ, ರಕ್ತದೊತ್ತಡ ಇರುವುದು ಮಾವನಿಗಲ್ಲ, ಗಾಡಿಗೇ ಎಂಬಂತೆ. "ಭಾರ ಇರಬಾರ್ದು. ಬೆನ್ನು ನೆಟ್ಟಗಿಟ್ಕೊಂಡು ಕೂರೋ ಹಾಗಿರ್ಬೇಕು. ಮಾವನಿಗೆ ಇನ್ನು ಓಡೋ ಗಾಡಿ ಬೇಡ, ಹೋಗೋ ಗಾಡಿ ಸಾಕು."

"ಸ್ಕೂಟರ್ ನೋಡ್ಬಾರ್ದೇನ್ರೀ?" ಎಂದರು ಸರ್ವೇಯರರ ಹೆಂಡತಿ.

"ಸ್ಕೂಟರ್ ಮೇಲೆ ಕೂರೋದೂ ಒಂದೇ, ಕುರ್ಚಿ ಮೇಲೆ ಕೂರೋದೂ ಒಂದೇ." ಇದನ್ನು ಸರ್ವೇಯರರು ಮದುವೆಯಾದಾಗಿನಿಂದ ಹೇಳಿಕೊಂಡು ಬಂದಿದ್ದರು. ಈಗ ನುಂಗಿಕೊಳ್ಳಲು ಅದು ಬಹಳ ದೊಡ್ಡದಾಗಿತ್ತು.

ಸೇಲ್ಸ್‌ಮನ್ ಮೊದಲನೆಯ ಬೈಕಿನ ಸೀಟು ಒರೆಸಿದ. "ಒಂದ್ಸಲ ಹತ್ತಿ ಕೂತ್ಕೊಳ್ಳಿ ಸರ್." ಸರ್ವೇಯರರು ಹತ್ತಲಿಲ್ಲ. ಸುತ್ತು ಹಾಕಿದರು. "ಇಂಡಿಕೇಟರ್ ಯಾಕೆ ಹೀಗೆ ಕತ್ತೆ ಕಿವಿ ಥರ ನಿಂತಿದೆ?" ಎಂದು ಮುಂದಕ್ಕೆ ಹೋದರು. ಎರಡನೆಯದರ ಟ್ಯಾಂಕಿಗೆ ಕಲ್ಲಂಗಡಿಗೆ ಬಡಿದ ಹಾಗೆ ಬಡಿದು, ಕಿವಿಗೊಟ್ಟು, "ತಗಡು ತೆಳು," ಎಂದರು. ಮೂರನೆಯದನ್ನು ಬಹಳ ಹೊತ್ತು ದಿಟ್ಟಿಸಿದರು. "ಬೂದಿ ಬಣ್ಣ. ಹತ್ತೋಕೆ ಮುಂಚೆನೇ ಎಲ್ಲಾ ಮುಗಿದುಹೋದ ಹಾಗಿದೆ."

ಸೇಲ್ಸ್‌ಮನ್ ಕಣ್ಣಲ್ಲಿ ಭಕ್ತಿ ಮೂಡಿತು. ಅವನು ಮ್ಯಾನೇಜರನ್ನೇ ಕರೆತಂದ. "ಜನ ಬಂದವರೇ ಹಾರಿ ಕೂತ್ಕೊಂಡ್ಬಿಡ್ತಾರೆ," ಎಂದರು ಮ್ಯಾನೇಜರ್. "ಹೀಗೆ ನಿಧಾನಕ್ಕೆ, ತೂಕವಾಗಿ ನೋಡೋರು ಈಗೆಲ್ಲಿದ್ದಾರೆ ಸರ್!" ಸರ್ವೇಯರರು ತೂಕವಾಗಿ ತಲೆಯಾಡಿಸಿದರು.

ಆಗ ಅವರಿಗೆ ಅದು ಕಂಡಿತು. ಮ್ಯಾನೇಜರರ ಕೋಣೆಗೆ ಹತ್ತುವ ಮೆಟ್ಟಿಲುಗಳಿಗೆ ಅಂಟಿಕೊಂಡಂತೆ ಒಂದು ಕೆಂಪು ಬೈಕು. ಮುಂದಕ್ಕೆ ಬಾಗಿ, ಹಿಂಭಾಗ ಎತ್ತಿ, ಕುಟುಕಲು ಹೊರಟ ಕಣಜದಂತೆ ನಿಂತಿತ್ತು. ಜೀವಮಾನವಿಡೀ ಊರವರ ಜಮೀನು ಅಳೆದ ಕಣ್ಣು ಬೈಕನ್ನು ಬಿಟ್ಟು ಮೆಟ್ಟಿಲನ್ನು ಅಳೆಯಿತು.

"ಅದು," ಎಂದರು.

"ಮಾವ, ಅದು ಕಾಲೇಜು ಹುಡುಗರದ್ದು!"

ಅಷ್ಟರಲ್ಲಿ ಅವರು ಮೆಟ್ಟಿಲು ಹತ್ತಿ, ತಿರುಗಿ, ನೀರಿಗಿಳಿದ ಬಾತುಕೋಳಿಯಷ್ಟು ಸಲೀಸಾಗಿ ಸೀಟಿನ ಮೇಲೆ ಬಂದಿದ್ದರು. ಸೇಲ್ಸ್‌ಮನ್ ಚಪ್ಪಾಳೆ ತಟ್ಟಿದ. "ವಯಸ್ಸು ಅನ್ನೋದು ಬರೀ ಮನಸಿನಲ್ಲಿರುತ್ತೆ ಸರ್!" ಅಳಿಯನ ಮುಖದಲ್ಲಿ ಗಾಬರಿ ಹೋಗಿ ಸಣ್ಣದೊಂದು ಹೆಮ್ಮೆ ಬಂತು. ಹೆಂಡತಿ ಮಾತ್ರ ಒಮ್ಮೆ ಮೆಟ್ಟಿಲನ್ನು, ಒಮ್ಮೆ ಗಂಡನನ್ನು ನೋಡಿದರು.

"ಫೋಟೋ ಬೇಕೇ ಬೇಕು! ಇಲ್ಲಿ ಬೆಳಕು ಸಾಲ್ದು," ಎಂದ ಸೇಲ್ಸ್‌ಮನ್. ಬೇಡ ಎನ್ನುವಷ್ಟರಲ್ಲಿ ಇಬ್ಬರು ಸೇರಿ, ಸವಾರನ ಸಮೇತ ಬೈಕನ್ನು ತಳ್ಳಿಕೊಂಡು ಹೋಗಿ ಬಯಲಿನಂಥ ನೆಲದ ನಟ್ಟನಡುವೆ ಸ್ಟ್ಯಾಂಡ್ ಹಾಕಿದರು. ಮೆಟ್ಟಿಲು, ದೋಣಿಯವನಿಗೆ ದಡ ಕಾಣುವ ಹಾಗೆ, ದೂರದಲ್ಲಿ ಉಳಿಯಿತು.

ಫೋಟೋ ಆಯಿತು. ಬಿಲ್ಲೂ ಆಯಿತು. "ಇಳೀರಿ ಮಾವ, ಸಹಿ ಹಾಕ್ಬೇಕಂತೆ."

"ಇಲ್ಲಿಗೇ ತರ್ಸು."

ಕಾಗದ ಬಂತು, ಬೈಕಿನ ಮೇಲೆಯೇ ಸಹಿಯಾಯಿತು. ಚಹಾ ಬಂತು, ಅದೂ ಅಲ್ಲೇ ಆಯಿತು. "ನೋಡಿ, ಸರ್‌ಗೆ ಇಳಿಯೋಕೇ ಮನಸ್ಸಿಲ್ಲ!" ಎಂದು ಮ್ಯಾನೇಜರ್ ನಕ್ಕರು. ಎಲ್ಲರೂ ನಕ್ಕರು. ಸರ್ವೇಯರರು ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ನಕ್ಕರು.

ಹೆಂಡತಿ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದು ತಂದು, ಬೈಕಿನ ಎಡಕ್ಕೆ, ಅದಕ್ಕೆ ತಾಗುವಂತೆ ಇಟ್ಟರು. ತಾವು ಕೂರದೆ ಅದರ ಬೆನ್ನನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ನಿಂತರು.

"ಯಾರಿಗೆ ಇದು?" ಎಂದರು ಸರ್ವೇಯರರು.

"ನನಗೇ ಅಂದ್ಕೊಳ್ಳಿ," ಎಂದರು ಹೆಂಡತಿ, ಅವರಿಗಷ್ಟೇ ಕೇಳುವಂತೆ.

ಸರ್ವೇಯರರು ಕುರ್ಚಿಯನ್ನು ನೋಡಿದರು. ಅಳಿಯ ನೋಡುತ್ತಿದ್ದ, ಮ್ಯಾನೇಜರ್ ನೋಡುತ್ತಿದ್ದರು, ಸೇಲ್ಸ್‌ಮನ್ ಇನ್ನೊಂದು ಫೋಟೋಗೆ ಫೋನು ಎತ್ತಿದ್ದ.

"ಹಾಗಾದ್ರೆ ಕೂತ್ಕೋ," ಎಂದರು.

ಹೆಂಡತಿ ಕುರ್ಚಿಯ ಬೆನ್ನು ಬಿಟ್ಟು, ಮುಂದೆ ಬಂದು ಕೂತರು. ಸೇಲ್ಸ್‌ಮನ್ ಅದನ್ನೂ ಕ್ಲಿಕ್ಕಿಸಿದ.

ತಮ್ಮ ಕಾಲು ಸೀಟು ದಾಟುತ್ತಿಲ್ಲ, ಇಳಿಯಲು ಆ ಕುರ್ಚಿ ಬೇಕಾಗಿರುವುದು ತಮಗೇ ಎಂದು ಸರ್ವೇಯರರು ಹೇಳಲಿಲ್ಲ.