ಮೋಹನದಲ್ಲೊಂದು ನಿಷಾದ

ಸ್ವಲ್ಪ ಕೇಳಿ, ಆಮೇಲೆ ಬೇಕಾದ್ರೆ ಬೈರಿ. ಎಳೆಯರ ಅಂತಾರಾಷ್ಟ್ರೀಯ ಸಂಗೀತ ಸ್ಪರ್ಧೆ, ವಿಯೆನ್ನಾದಲ್ಲಿ. ಎಲ್ಲಾ ಕಡೆ ಮಾಡೋ ಹಾಗೆ ಇಲ್ಲೂ ತೀರ್ಪುಗಾರರು ನಾಳೆಯ ಕಛೇರಿನ ಇವತ್ತೇ ಕೇಳಿ ಫಲಿತಾಂಶ ಹಾಕ್ಬಿಟ್ರು. ನನಗೇ ಮೊದಲ ಬಹುಮಾನ! ಕುಣೀತಾ ಹೋಗಿ, ಜೊತೆಗೆ ಬಂದಿದ್ದ ನನ್ನ ಪಿಟೀಲು ಟೀಚರ್ ಅಂಬುಜ ಮಿಸ್‌ಗೆ ಅವರು ಕೊಟ್ಟ ನಾಳೆಯ ರೆಕಾರ್ಡಿಂಗ್ ಕೇಳಿಸ್ದೆ.

"ಅಲ್ಲ ಕಣೇ ಮೈಥಿಲಿ, ಮೋಹನದಲ್ಲಿ ನಿಷಾದ ಎಲ್ಲಿಂದ ತಂದೆ? ಆ ರಾಗದಲ್ಲಿ ಆ ಸ್ವರನೇ ಇಲ್ವಲ್ಲೇ!"

"ಮಿಸ್, ನಾನಿನ್ನೂ ನುಡಿಸೇ ಇಲ್ಲ!"

"ನಾಳೆ ನುಡಿಸ್ತೀಯಲ್ಲ, ಇವತ್ತೇ ಬೈಸ್ಕೋ."

ಬಹುಮಾನ ಯಾಕೆ ಅಂತ ನೋಡಿದ್ರೆ, 'ಆ ಅನಿರೀಕ್ಷಿತ ಸ್ವರಕ್ಕಾಗಿ' ಅಂತೆ. ಚಿಕ್ಕಂದಿನಿಂದ ಮಾಡಿದ ಸಾಧಕಕ್ಕಲ್ಲ, ತಪ್ಪಿಗೆ! ಅವರು ಕೇಳಿದ ಹಾಗೇ ನುಡಿಸ್ಲಿಲ್ಲ ಅಂದ್ರೆ ಬಹುಮಾನ ವಾಪಸ್, ಅದೇ ನಿಯಮ.

ಮಾರನೇ ದಿನ ವೇದಿಕೆ ಹತ್ತಿದೆ. ಮುಂದಿನ ಸಾಲಲ್ಲಿ ಮಿಸ್ ಕಣ್ಮುಚ್ಚಿ ತಾಳ ಹಾಕ್ತಿದ್ರು. ಆ ಜಾಗ ಹತ್ರ ಬಂತು. ಇಡೀ ಸಭೆ ಆ ನಿಷಾದಕ್ಕೇ ಕಾದು ಮುಂದಕ್ಕೆ ಬಾಗ್ತು. ನಾನು ನಿಷಾದ ಬಿಟ್ಟು ಧೈವತದಿಂದ ನೇರ ಷಡ್ಜಕ್ಕೆ ಹೋದೆ.

"ಭೇಷ್!" ಅಂದ್ರು ಮಿಸ್. ಅವರೊಬ್ಬರೇ. ಬಹುಮಾನ ಹೋಯ್ತು. ಸರಿಯಾಗಿ ನುಡಿಸಿದ್ದಕ್ಕೆ ಇಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರ್ಲಿಲ್ಲ. ನೀವಾಗಿದ್ರೆ ಏನ್ ನುಡಿಸ್ತಿದ್ರಿ?