ಒಂಬತ್ತನೆಯ ದಿನದ ಬಾಗಿಲು

ಹೊರಗಿನ ಗಾಳಿ ಕೆಟ್ಟ ಮೇಲೆ ನಮ್ಮ ಕಟ್ಟಡದ ಮನೆಬಾಗಿಲುಗಳೂ ಬೀದಿಯ ಗೇಟೂ ಒಂಬತ್ತು ದಿನಕ್ಕೊಮ್ಮೆ, ಹತ್ತೇ ನಿಮಿಷ ತೆರೆಯುತ್ತವೆ; ಆಗ ಆಸ್ಪತ್ರೆಯ ಮುಚ್ಚಿದ ಗಾಡಿ ಗೇಟಿಗೆ ಬಂದು ನಿಲ್ಲುತ್ತದೆ. ಈ ಸಲ ತೆರೆದ ಹೊತ್ತಿಗೇ, ಬಾಣಂತನಕ್ಕೆಂದು ಬಂದಿದ್ದ ನನ್ನ ಮಗಳು ಸುಗುಣಾ ಸೊಂಟ ಹಿಡಿದು ಕೂತಳು.

ಆಸ್ಪತ್ರೆಯ ಚೀಲ ಕಟ್ಟಿರಲಿಲ್ಲ. ಹುಟ್ಟದ ಮಗುವಿಗೆ ಬಟ್ಟೆ ಎತ್ತಿಡಬಾರದೆಂದು ತಡೆದವಳು ನಾನೇ.

"ಬಿ.ಎಸ್ಸಿ. ಓದಿದವಳಂತೆ ನೀನು!" ನೋವಿನಲ್ಲೂ ಚುಚ್ಚಿದಳು.

ಮಗುವಿಗೆಂದು ಹಳೆಯ ಸೀರೆ ಹರಿಯತೊಡಗಿದೆ. ಈಗ ಇಳಿಯದಿದ್ದರೆ ಹೆರಿಗೆ ಈ ಮುಚ್ಚಿದ ಮನೆಯಲ್ಲೇ, ನನ್ನೊಬ್ಬಳ ಕೈಯಲ್ಲೇ ಆಗಬೇಕು.

ಪಕ್ಕದ ಮನೆಯ ಜೈನಾಬಿ ತುಂಬಿದ ಚೀಲ ಹಿಡಿದು ಬಂದಳು. ಅವಳ ಮೊಮ್ಮಕ್ಕಳು ತೊಟ್ಟು ಮೆತ್ತಗಾದ ಅಂಗಿಗಳು, ಬಜೆ, ಫ್ಲಾಸ್ಕು, ಎಲ್ಲ ಇತ್ತು.

"ತಿಂಗಳ ಹಿಂದೇನೇ ಕಟ್ಟಿಟ್ಟೆ ಅಕ್ಕಾ. ಶಾಸ್ತ್ರ ನಿಮ್ಮನೇದು, ಚೀಲ ನಮ್ಮನೇದು. ಏಳೇ ಸುಗುಣಾ, ಏಳು ಮಹಡಿ ಇಳೀಬೇಕು. ಅಕ್ಕನ ಮಂಡಿ ನಂಬಿದ್ರೆ ಆಗಲ್ಲ."

"ನೀನು ಹೋದರೆ ಒಂಬತ್ತು ದಿನ ಆಚೆನೇ ಕಣೇ!"

"ಗೊತ್ತು. ಗಂಡನಿಗೆ ಸಾರು ಕಲಿಸಿದೀನಿ. ಚೆನ್ನಾಗಿರಲ್ಲ, ತಿಂತಾರೆ. ಬೀದಿ ಮುಟ್ಟಿದ ಕೂಡ್ಲೇ ನೀರಿನ ಪೈಪಿಗೆ ಮೂರು ಸಲ ಬಡೀತೀನಿ."

ಮೆಟ್ಟಿಲ ತಿರುವಿನಲ್ಲಿ ಸುಗುಣಾ ಹಿಂತಿರುಗಿ ನೋಡಿದಳು. ಸ್ವಲ್ಪ ಹೊತ್ತಿಗೆ ಮನೆಯ ಉಕ್ಕಿನ ಬಾಗಿಲು ಮೇಲಿಂದ ತಾನಾಗಿ ಇಳಿಯತೊಡಗಿತು. ಪೈಪು ಸುಮ್ಮನಿತ್ತು. ನಾನು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಅದಕ್ಕೆ ಕಿವಿ ಒತ್ತಿದೆ. ಮಂಡಿ ಉರಿಯುತ್ತಿತ್ತು.

ಒಂದು. ಎರಡು. ಉಸಿರು ಬಿಗಿಹಿಡಿದೆ. ಮೂರು.

ಬಾಗಿಲು ನೆಲ ಮುಟ್ಟಿತು. ಫೋನುಗಳು ಸತ್ತು ವರ್ಷಗಳಾಗಿವೆ. ಮಗು ಹೆಣ್ಣೋ ಗಂಡೋ, ಮಗಳು ಹೇಗಿದ್ದಾಳೋ, ಒಂಬತ್ತು ದಿನ ನನಗೆ ಯಾರೂ ಹೇಳುವುದಿಲ್ಲ.