ಬೀಬಿ ಮರ್ಯಮ್ ಆಡಿದ ಮಾತು

"ಇದಕ್ಕಿಂತ ಮುಂಚೇನೇ ನಾನು ಸತ್ತು ಹೋಗಬಾರದಿತ್ತಾ!" ಎಂದು ಹೆರಿಗೆ ಮಂಚದ ಮೇಲಿದ್ದವಳು ಕಿರುಚಿದಳು. ಮರುಕ್ಷಣವೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಸಾವನ್ನು ಬೇಡುವುದು ಪಾಪ ಎಂದು ಎಂಟು ವರ್ಷಗಳಿಂದ ಹೆಣ್ಣುಮಕ್ಕಳಿಗೆ ಕುರ್‌ಆನ್ ಪಾಠದಲ್ಲಿ ಹೇಳಿಕೊಟ್ಟವಳು ಅವಳೇ.

"ಬಲವಾಗಿ ತಿಣುಕಮ್ಮ, ಈಗ ಬಿಡಬೇಡ," ಎಂದು ನರ್ಸ್ ಗದರಿದಳು. ಅವಳು ತಿಣುಕಲಿಲ್ಲ. "ಎಂಥ ಮಾತು ಆಡಿಬಿಟ್ಟೆ ನಾನು, ಅತ್ತೆ! ನನ್ನ ಈಮಾನೇ ಹೋಯ್ತು, ನಂಬಿಕೇನೇ ಹೋಯ್ತು. ಇನ್ಯಾವ ಮುಖ ಇಟ್ಕೊಂಡು ಅಲ್ಲಾಹನ ಹತ್ರ ಕೇಳ್ಲಿ?" ಎಂದು ಗೋಡೆಯ ಕಡೆ ಹೊರಳಿದಳು. ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದು ನರ್ಸ್ ವೈದ್ಯೆಯನ್ನು ಕರೆಯಲು ಓಡಿದಳು.

ತಲೆದೆಸೆಯಲ್ಲಿ ನಿಂತಿದ್ದ ಅತ್ತೆ ಹಾಸಿಗೆ ಹೊಲಿಯುವವಳು. ಓದು ಬರಹ ಬಾರದು. ಸೊಸೆ ಪಡಸಾಲೆಯಲ್ಲಿ ಪಾಠ ಮಾಡುವಾಗ ಹತ್ತಿ ತುಂಬುತ್ತಾ ಕೇಳಿಸಿಕೊಂಡದ್ದಷ್ಟೇ ಅವಳ ವಿದ್ಯೆ. "ಪಾಠ ಹೇಳೋಳಿಗೇ ಪಾಠ ಮರೆತು ಹೋಯ್ತಾ?" ಎಂದಳು. "ಯೇಸು ಪೈಗಂಬರರ ತಾಯಿ ಬೀಬಿ ಮರ್ಯಮ್ ಹೆರಿಗೆ ನೋವಲ್ಲಿ ಇದೇ ಮಾತು ಅಂದ್ರು ಅಂತ ನೀನೇ ಅಲ್ವಾ ಹುಡುಗೀರಿಗೆ ಹೇಳಿದ್ದು? ಅಲ್ಲಾಹು ಬೈದನಾ ಅವರನ್ನ?"

ಸೊಸೆ ನಿಧಾನಕ್ಕೆ ಇತ್ತ ತಿರುಗಿದಳು. "ಇಲ್ಲ. ದುಃಖಪಡಬೇಡ ಅಂತ ದನಿ ಬಂತು."

"ಆಮೇಲೆ?"

"ಖರ್ಜೂರದ ಮರ ಹಿಡಿದು ಅಲುಗಿಸು ಅಂತು."

ನಲವತ್ತು ವರ್ಷ ದಬ್ಬಳ ಎಳೆದೆಳೆದು ಕೊರಡಿನಂತಾಗಿದ್ದ ತೋಳನ್ನು ಅತ್ತೆ ಮುಂದೆ ಚಾಚಿದಳು. "ಹಿಡ್ಕೋ ಮತ್ತೆ."

ಸೊಸೆ ಅದನ್ನು ಎರಡೂ ಕೈಗಳಿಂದ ಹಿಡಿದು, ಬಿಸ್ಮಿಲ್ಲಾ ಎಂದು ಉಸಿರು ಕಟ್ಟಿ ತಿಣುಕಿದಳು. ವೈದ್ಯೆ ಒಳಗೆ ಬಂದಾಗ ಮಗುವಿನ ತಲೆ ಕಾಣಿಸುತ್ತಿತ್ತು.